ಸೂಲಗಿತ್ತಿ ನರಸಮ್ಮನವರ ನೆನಪು, ನಿಮ್ಮ ಮನೆಯ ಅಜ್ಜಿಯರ ನೆನಪು

ಪಾವಗಡದ ಮಗಳು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 25 ಹತ್ತಿರ ಬಂದಾಗೆಲ್ಲ ನನಗೆ ಸೂಲಗಿತ್ತಿ ನರಸಮ್ಮನವರು ನೆನಪಾಗುತ್ತಾರೆ. 2018ರಲ್ಲಿ ಅವರು ತೀರಿಕೊಂಡ ದಿನ ಅದು. ಆಗ 98 ವರ್ಷ. ಅದೇ ವರ್ಷ ಪದ್ಮಶ್ರೀ ಬಂದಿತ್ತು.

ನಮ್ಮ ತಾಲ್ಲೂಕಿನ ಮಕ್ಕಳನ್ನು ಕೇಳಿದರೆ, ರಾಷ್ಟ್ರಪತಿಗಳ ಕೈಯಿಂದ ಪ್ರಶಸ್ತಿ ತಗೊಂಡ ಅಜ್ಜಿ ಅನ್ನುತ್ತಾರೆ. ಫೋಟೋ ನೋಡಿರುತ್ತಾರೆ. ಆದರೆ ಒಬ್ಬ ಸೂಲಗಿತ್ತಿ ನಡುರಾತ್ರಿ ಒಂದು ಮನೆಗೆ ಹೋಗಿ ಏನು ಮಾಡುತ್ತಿದ್ದಳು, ಅವಳಿಗೆ ಏನೆಲ್ಲ ಗೊತ್ತಿರಬೇಕಿತ್ತು ಅಂದರೆ ಸುಮ್ಮನಾಗುತ್ತಾರೆ. ಅವರ ಅಮ್ಮಂದಿರಿಗೂ ಅಷ್ಟಾಗಿ ಗೊತ್ತಿಲ್ಲ. ಗೊತ್ತಿರುವವರಿಗೆ ಈಗ ಎಂಬತ್ತು ದಾಟಿದೆ.

ತಿಳಿಯದವರಿಗಾಗಿ ಸ್ವಲ್ಪ ಹೇಳುತ್ತೇನೆ. ನರಸಮ್ಮ ಹುಟ್ಟಿದ್ದು 1920ರಲ್ಲಿ, ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ. ಅಲೆಮಾರಿ ಸಮುದಾಯದವರು. ಶಾಲೆಗೆ ಹೋದವರಲ್ಲ. 12ನೇ ವಯಸ್ಸಿಗೆ ಮದುವೆ. ಹೆರಿಗೆ ಮಾಡಿಸುವುದನ್ನು ಕಲಿತದ್ದು ಅಜ್ಜಿ ಮರಿಗೆಮ್ಮನಿಂದ. ನರಸಮ್ಮನ ಐದು ಹೆರಿಗೆಗಳನ್ನು ಮಾಡಿಸಿದ್ದೂ ಆ ಅಜ್ಜಿಯೇ. 1940ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಮನೆಯ ಹತ್ತಿರದ ಬಂಧುವೊಬ್ಬರ ಹೆರಿಗೆಗೆ ಕೈ ಹಾಕಿದರು. ಅಲ್ಲಿಂದ ಎಪ್ಪತ್ತು ವರ್ಷ ಅದೇ ಕೆಲಸ. 15,000ಕ್ಕೂ ಹೆಚ್ಚು ಹೆರಿಗೆ ಅನ್ನುತ್ತಾರೆ. ದುಡ್ಡು ತಗೊಳ್ಳಲಿಲ್ಲ.

ನನ್ನನ್ನು ಕಾಡುವುದು ಇನ್ನೊಂದು. ಅವರು ಹೆತ್ತದ್ದು 12 ಮಕ್ಕಳನ್ನು. ಅದರಲ್ಲಿ ನಾಲ್ಕು ಚಿಕ್ಕವಿದ್ದಾಗಲೇ ಹೋದವು. ತನ್ನ ಮಗುವನ್ನು ಮಣ್ಣು ಮಾಡಿದ ಹೆಂಗಸು ಮತ್ತೆ ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬಳ ಬೆನ್ನ ಹಿಂದೆ ಕೂತು, "ಇನ್ನೊಂದು ಸಲ ಮುಕ್ಕು ತಾಯಿ" ಅನ್ನಬೇಕು. ಆ ಕಾಲದ ಸೂಲಗಿತ್ತಿಯರಲ್ಲಿ ಎಷ್ಟು ಜನ ಈ ನೋವು ಉಂಡವರೋ. ಮನೆ, ದೇವರು, ಊರು ಅಂತ ನಾವು ಬೇರೆ ಬೇರೆ ಮಾಡಿ ಮಾತಾಡುತ್ತೇವೆ. ಈ ಹೆಂಗಸರ ಬದುಕಿನಲ್ಲಿ ಅದೆಲ್ಲ ಒಂದೇ ಆಗಿತ್ತು ಅಂತ ನನಗನ್ನಿಸುತ್ತದೆ.

ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ ಇಂಥ ಹಿರಿಯ ಹೆಂಗಸು ಇದ್ದರೆ ಇಲ್ಲಿ ಬರೆಯಿರಿ. ಹೊಗಳಿಕೆ ಬೇಡ. ಅವರು ಏನು ಮಾಡುತ್ತಿದ್ದರು, ಹೇಗೆ ಮಾಡುತ್ತಿದ್ದರು, ಅದು ಬೇಕು.

ಮಧುಗಿರಿ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀಯಮ್ಮ. ಹೊರಗಿನವರಿಗೆ ಪಾವಗಡ ಅಂದರೆ ಶನಿಮಹಾತ್ಮನ ದೇವಸ್ಥಾನ, ಈಚೆಗೆ ತಿರುಮಣಿಯ ಸೋಲಾರ್ ಪಾರ್ಕ್. ಅಷ್ಟೇ. ಮೂರು ಕಡೆ ಆಂಧ್ರ. ಜಿಲ್ಲಾ ಕೇಂದ್ರ ತುಮಕೂರಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಮಳೆ ಕಡಿಮೆ. ಕಡಲೆಕಾಯಿ ಬೆಳೆದು, ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವ ಜನ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಹಲ್ಲು ಕಂದಿ, ಮೂಳೆ ಬಾಗಿದವರನ್ನು ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಕಣ್ಣಾರೆ ನೋಡಿದ್ದೇನೆ.

1940 ಅಂದರೆ ಏನು ಅಂತ ಯೋಚನೆ ಮಾಡಿ. ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆ ಶುರುವಾಗಿ ಐದು ವರ್ಷ ಆಗಿತ್ತು. ಕೃಷ್ಣಾಪುರದ ಬಸುರಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೋವು ಬಂದಾಗ ಗಾಡಿ ಕಟ್ಟಿ ಹೊರಟರೆ ಅರ್ಧ ದಾರಿಯಲ್ಲೇ ಎಲ್ಲ ಮುಗಿದಿರುತ್ತಿತ್ತು. ಓಡಿ ಹೋಗಿ ಕರೆಯುವಷ್ಟು ಹತ್ತಿರ ಇದ್ದವಳು ಸೂಲಗಿತ್ತಿ ಒಬ್ಬಳೇ.

12ನೇ ವಯಸ್ಸಿನ ಮದುವೆ ಬಗ್ಗೆಯೂ ಒಂದು ಮಾತು. ಈಗಿನ ಮಕ್ಕಳು ಓದಿ ಬೆಚ್ಚುತ್ತಾರೆ, ಬೆಚ್ಚಲೇಬೇಕು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಾಲ್ಯವಿವಾಹ ತಡೆಯಲು ಕಾಯ್ದೆ ಬಂತು. ಆದರೆ ಅದು ತಡೆದದ್ದು ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಯ ಮದುವೆಯನ್ನು. ಹನ್ನೆರಡು ಅಂದರೆ ಊರ ಕಣ್ಣಿಗೆ ದೊಡ್ಡವಳೇ. ನರಸಮ್ಮನವರ ಬದುಕನ್ನು ನೆನೆಯುವಾಗ ಇದನ್ನು ಮುಚ್ಚಿಡಬಾರದು.

ಬೆಳಗಾವಿ ಸೊಸೆ

ನಮ್ಮ ಅತ್ತೆಯ ಅತ್ತೆ, ಅಂದರೆ ನಮ್ಮ ಮನೆಯವರ ಅಜ್ಜಿ. ಮನೆಯವರೆಲ್ಲ ಆಯಿ ಅನ್ನುತ್ತಿದ್ದರು. ಸೂಲಗಿತ್ತಿ ಅಂತ ಹೆಸರಿರಲಿಲ್ಲ, ಆದರೆ ಓಣಿಯ ಹೆರಿಗೆಗಳಿಗೆಲ್ಲ ಅವರೇ. ನಾನು ಮದುವೆಯಾಗಿ ಬಂದಾಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹೊಟ್ಟೆ ಮೇಲೆ ಕೈ ಇಟ್ಟು ಕೂಸಿನ ತಲೆ ಎಲ್ಲಿದೆ ಅಂತ ಹೇಳಿಬಿಡುತ್ತಿದ್ದರು. ನನಗೂ ಹೇಳಿದರು. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ತಣ್ಣನೆ ಕೈ ಹೊಟ್ಟೆಗೆ ತಾಗಿದರೆ ಬಸುರಿ ಬೆಚ್ಚಿ ಹೊಟ್ಟೆ ಬಿಗಿ ಹಿಡಿಯುತ್ತಾಳೆ, ಆಗ ಏನೂ ತಿಳಿಯುವುದಿಲ್ಲ ಅನ್ನುತ್ತಿದ್ದರು. ಆಮೇಲೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಮೆತ್ತಗೆ ಒತ್ತಿ, ಬಿಟ್ಟು, ಮತ್ತೆ ಒತ್ತುವುದು. ಗಟ್ಟಿಗೆ, ದುಂಡಗೆ ಸಿಕ್ಕಿದ್ದು ತಲೆ. ಮೆತ್ತಗಿದ್ದದ್ದು ಕುಂಡಿ.

ಐದನೇ ದಿನ ಸಟವಿ ಪೂಜೆ. ಗೋಡೆಗೆ ಒರಗಿಸಿ ಹಲಗೆ, ಮುಂದೆ ಒಂದು ಹಾಳೆ, ಪೆನ್ನು. ರಾತ್ರಿ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ ಅಂತ ನಂಬಿಕೆ. ಆ ರಾತ್ರಿ ಆಯಿ ಮಲಗುತ್ತಿರಲಿಲ್ಲ. ದೀಪಕ್ಕೆ ಎಣ್ಣೆ ಹಾಕುತ್ತಾ ಕೂಸಿನ ಪಕ್ಕದಲ್ಲೇ ಕೂತಿರುತ್ತಿದ್ದರು. ಐದು, ಆರನೇ ದಿನ ಕೂಸುಗಳು ತುಂಬ ಹೋಗುತ್ತಿದ್ದವಂತೆ. ಅದಕ್ಕೇ ಆ ರಾತ್ರಿ ಎಚ್ಚರ ಇರಬೇಕು ಅಂತ ಮಾಡಿರಬೇಕು ಅನ್ನಿಸುತ್ತದೆ ನನಗೆ. ದೇವರ ಹೆಸರಲ್ಲಿ ಒಬ್ಬರಾದರೂ ಕೂಸಿನ ಉಸಿರು ನೋಡುತ್ತಾ ಕೂರುತ್ತಿದ್ದರು.

ದಾವಣಗೆರೆ ಸಿಸ್ಟರ್

ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ದುಡಿದವಳು ನಾನು. ಬೆಳಗಾವಿ ಅಕ್ಕ ಹೇಳಿದ ಐದು, ಆರನೇ ದಿನದ ಮಾತು ಸರಿ. ಹೊಕ್ಕುಳಬಳ್ಳಿ ಕೊಯ್ದ ಕಡೆ ನಂಜಾಗಿ ಧನುರ್ವಾಯು ಬಂದರೆ ಮೊದಲ ವಾರದಲ್ಲೇ ಕೂಸು ಹಾಲು ಬಿಡುತ್ತದೆ, ಮೈ ಸೆಟೆಯುತ್ತದೆ. ಕುಡುಗೋಲಿನಲ್ಲಿ ಕೊಯ್ದು, ಬೂದಿ, ಸಗಣಿ ಹಚ್ಚುತ್ತಿದ್ದ ಕಾಲ ಅದು. ಬಸುರಿಗೆ ಟಿ.ಟಿ. ಇಂಜೆಕ್ಷನ್ ಬಂದ ಮೇಲೆ, ಹೊಸ ಬ್ಲೇಡು, ಶುಚಿಯಾದ ದಾರ ಬಂದ ಮೇಲೆ ಅದು ನಿಂತಿತು. ದಾಯಿಯರಿಗೆ ತರಬೇತಿ ಕೊಡುವಾಗ ಐದು ಶುಚಿ ಅಂತ ಕಲಿಸುತ್ತಿದ್ದರು. ಕೈ ಶುಚಿ, ಮಲಗಿಸುವ ಜಾಗ ಶುಚಿ, ಬ್ಲೇಡು ಶುಚಿ, ದಾರ ಶುಚಿ, ಹೊಕ್ಕುಳು ಶುಚಿ.

ನರಸಮ್ಮನವರ ಬಗ್ಗೆ ನನಗೆ ತುಂಬ ಗೌರವ. ಆದರೆ "ಹಿಂದಿನವರೇ ಚೆನ್ನಾಗಿದ್ದರು, ಈಗ ಎಲ್ಲ ಕತ್ತರಿ ಹಾಕುತ್ತಾರೆ" ಅಂತ ಯಾರಾದರೂ ಶುರು ಮಾಡುವ ಮೊದಲೇ ಹೇಳಿಬಿಡುತ್ತೇನೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಸುಮ್ನೆ ಇಳಿಯಲಿಲ್ಲ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು. 2008ರಲ್ಲಿ 108 ಆಂಬುಲೆನ್ಸ್. ತಾಯಿ ಕಾರ್ಡ್, ಮಡಿಲು ಕಿಟ್. ಈಗ ನಮ್ಮ ರಾಜ್ಯದಲ್ಲಿ ನೂರರಲ್ಲಿ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತದೆ.

ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯದೆ ರಕ್ತ ಹರಿಯಲು ಶುರುವಾದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಎಷ್ಟೇ ಅನುಭವ ಇರುವ ಕೈ ಇರಲಿ, ಆಗ ಬೇಕಾದ್ದು ಇಂಜೆಕ್ಷನ್, ರಕ್ತ, ಡಾಕ್ಟರು. ಬಿ.ಪಿ. ಏರಿ ಫಿಟ್ಸ್ ಬಂದರೂ ಅಷ್ಟೇ. ಕೂಸು ಅಡ್ಡ ಬಿದ್ದರೂ ಅಷ್ಟೇ. ಅಂಥ ಹೊತ್ತಲ್ಲಿ ಏನೂ ಮಾಡಲಾಗದೆ ಕೈಚೆಲ್ಲಿ ಕೂತ ಸೂಲಗಿತ್ತಿಯರ ಸಂಕಟ ಯಾರೂ ಬರೆದಿಟ್ಟಿಲ್ಲ.

ಪಾವಗಡದ ಮಗಳು

ಸಿಸ್ಟರ್, ನೀವು ಬರೆದದ್ದು ಖಂಡಿತ ಬೇಕಿತ್ತು. ಯಾರೂ ಮನೆ ಹೆರಿಗೆಗೆ ವಾಪಸ್ ಹೋಗಿ ಅನ್ನುತ್ತಿಲ್ಲ. ಒಂದು ಕೇಳುತ್ತೇನೆ. ಸೂಲಗಿತ್ತಿಯರು ಮಾಡುತ್ತಿದ್ದುದರಲ್ಲಿ ನಿಮ್ಮ ವಾರ್ಡಿನಲ್ಲೂ ಇರಬೇಕಿತ್ತು ಅನ್ನಿಸುವಂಥದ್ದು ಏನಾದರೂ ಇದೆಯಾ?

ದಾವಣಗೆರೆ ಸಿಸ್ಟರ್

ಇದೆ. ಬಿಟ್ಟು ಹೋಗದೆ ಜೊತೆಗಿರುವುದು.

ನೋವು ಶುರುವಾದಾಗಿನಿಂದ ಕೂಸು ಎದೆಗೆ ಹತ್ತುವವರೆಗೆ ಸೂಲಗಿತ್ತಿ ಒಬ್ಬಳನ್ನೇ ನೋಡಿಕೊಳ್ಳುತ್ತಿದ್ದಳು. ನಾವು ಒಂದು ಪಾಳಿಯಲ್ಲಿ ಎಷ್ಟೋ ಜನರನ್ನು ನೋಡಬೇಕು. ಬಸುರಿ ಓಡಾಡುವುದು, ಕುಕ್ಕರಗಾಲಲ್ಲಿ ಕೂರುವುದು, ಕಂಬ ಹಿಡಿದು ನಿಲ್ಲುವುದು, ಇದೆಲ್ಲ ಹಳ್ಳಿಯಲ್ಲಿ ಇತ್ತು. ನಾವು ಮಂಚಕ್ಕೆ ಮಲಗಿಸಿಬಿಟ್ಟೆವು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಓಡಾಡಲಿ, ಬೇಕಾದ ಹಾಗೆ ಕೂರಲಿ, ಜೊತೆಗೆ ಅವಳಿಗೆ ಬೇಕಾದವರು ಒಬ್ಬರು ಇರಲಿ ಅನ್ನುತ್ತಿದೆ. 2018ರಲ್ಲಿ ಕೇಂದ್ರ ಸರ್ಕಾರ ನರ್ಸ್‌ಗಳಿಗೆ 18 ತಿಂಗಳ ಸೂಲಗಿತ್ತಿ ತರಬೇತಿ ಕೊಡುವ ಮಾರ್ಗಸೂಚಿ ತಂತು. ನರಸಮ್ಮನವರು ಹೋದ ವರ್ಷವೇ ಅದು.

ಬಿಡಬೇಕಾದದ್ದೂ ಇದೆ. ಹುಟ್ಟಿದ ತಕ್ಷಣ ಕೂಸಿಗೆ ನೀರು ಎರೆಯುವುದು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು. ಮೊದಲ ಹಾಲು ಹಿಂಡಿ ಚೆಲ್ಲುವುದು. ಬಾಣಂತಿಗೆ ಕುಡಿಯಲು ನೀರೇ ಕೊಡದಿರುವುದು. ಈಗಲೂ ಕೆಲವು ಮನೆಗಳಲ್ಲಿ ನೀರು ಕೊಡುವುದಿಲ್ಲ. ಡಿಸ್ಚಾರ್ಜ್ ಆಗುವಾಗ ನಾನು ಅತ್ತೆಯನ್ನೂ ಅಮ್ಮನನ್ನೂ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿ ಕಳಿಸುತ್ತಿದ್ದೆ.

ಎರಡು ಮಕ್ಕಳ ತಾಯಿ

ಸಿಸ್ಟರ್ ಮಾತು ಓದಿ ಕಣ್ಣು ತುಂಬಿತು. ನನ್ನ ಮೊದಲ ಹೆರಿಗೆ ಒಂದು ದೊಡ್ಡ ಆಸ್ಪತ್ರೆಯಲ್ಲಿ. ಅಮ್ಮನನ್ನು ಒಳಗೆ ಬಿಡಲಿಲ್ಲ. ರಾತ್ರಿಯಿಡೀ ಒಬ್ಬಳೇ. ಕೂಗಿದರೆ ಬೈದರು. ಕೂಸೂ ನಾನೂ ಚೆನ್ನಾಗಿ ಮನೆಗೆ ಬಂದೆವು, ಅದಕ್ಕೆ ಯಾವತ್ತೂ ಋಣಿ. ಆದರೆ ಆ ರಾತ್ರಿ ನನಗೆ ಬೇಕಾಗಿದ್ದದ್ದು ಬೆನ್ನು ಸವರಲು ಒಂದು ಕೈ. ಎರಡನೆಯದಕ್ಕೆ ಬೇರೆ ಕಡೆ ಹೋದೆ, ಅಮ್ಮ ಪಕ್ಕದಲ್ಲೇ ಇದ್ದರು. ಅದೇ ನೋವು, ಆದರೆ ಹೆದರಿಕೆ ಇರಲಿಲ್ಲ.

ಕೊರಟಗೆರೆ ಹುಡುಗ

ಇಲ್ಲಿಯವರೆಗೆ ಯಾರೂ ಎತ್ತದ ಮಾತು ಒಂದಿದೆ. ಎತ್ತಲೇಬೇಕು.

ನಮ್ಮ ಅಜ್ಜಿ ಸೂಲಗಿತ್ತಿ. ನಮ್ಮದು ಊರಾಚೆಯ ಕೇರಿ. ಊರೊಳಗಿನ ದೊಡ್ಡ ಮನೆಗಳಲ್ಲೂ ಅವಳೇ ಹೆರಿಗೆ ಮಾಡಿಸುತ್ತಿದ್ದಳು. ಹೊಕ್ಕುಳಬಳ್ಳಿ ಕೊಯ್ಯುವುದು, ಮಾಸು ಹೂಳುವುದು ಮೈಲಿಗೆ ಕೆಲಸ. ಅದಕ್ಕೆ ನಮ್ಮವರೇ ಬೇಕು. ಪುರುಡು ಇರುವಷ್ಟು ದಿನ ಅವಳು ಒಳಮನೆಗೆ ಹೋಗಬಹುದು, ಬಾಣಂತಿಗೆ ಎರೆಯಬಹುದು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಬಹುದು. ಪುರುಡು ಕಳೆದ ದಿನ ಮನೆಯೆಲ್ಲ ಸಾರಿಸಿ, ಪುಣ್ಯಾಹ ಮಾಡಿಸುತ್ತಿದ್ದರು. ಅವತ್ತಿನಿಂದ ಅವಳು ಜಗಲಿಯ ಆಚೆ.

ನಾಮಕರಣದ ದಿನ ಎಲೆ ಹಾಕುತ್ತಿದ್ದುದು ಅಂಗಳದಲ್ಲಿ. ಒಂದು ಮೊರ ಕೊಡುತ್ತಿದ್ದರು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆಅಡಿಕೆ, ರವಿಕೆ ಕಣ. ಒಳ್ಳೆಯ ಮನೆಯವರಾದರೆ ಸೀರೆ. ಮೊರವನ್ನು ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲೆ ಇಡುತ್ತಿದ್ದರು. ಅವಳು ಎತ್ತಿಕೊಳ್ಳುತ್ತಿದ್ದಳು. ಆ ಮಕ್ಕಳು ಮಾತು ಬಂದಾಗ ಅವಳನ್ನು ಅವ್ವ ಅನ್ನುತ್ತಿದ್ದವು. ಆಮೇಲೆ ಯಾರೋ ಹೇಳಿಕೊಡುತ್ತಿದ್ದರು, ಹಾಗೆ ಅನ್ನಬಾರದು ಅಂತ.

ನರಸಮ್ಮನವರಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ ನಮ್ಮ ಮನೆಯಲ್ಲಿ ಹಬ್ಬ. ಅಲೆಮಾರಿ ಸಮುದಾಯದ, ಓದು ಬರಹ ಇಲ್ಲದ ಹೆಂಗಸಿನ ಕೈಕೆಲಸಕ್ಕೆ ವಿಶ್ವವಿದ್ಯಾಲಯ ಎದ್ದು ನಿಂತು ಗೌರವ ಕೊಟ್ಟಿತಲ್ಲ, ಅದು ನಮಗೆ ಪದ್ಮಶ್ರೀಗಿಂತ ದೊಡ್ಡದು. ನಮ್ಮಪ್ಪ ಪೇಪರ್ ಕತ್ತರಿಸಿ ಅಜ್ಜಿಯ ಫೋಟೋ ಪಕ್ಕ ಅಂಟಿಸಿದರು. ಈಗಲೂ ಇದೆ.

ಮಧುಗಿರಿ ಮೇಷ್ಟ್ರು

ತಮ್ಮಾ, ಇದನ್ನು ಬರೆದದ್ದಕ್ಕೆ ನಿನಗೆ ಕೈಮುಗಿಯುತ್ತೇನೆ. ನಾವು ಊರೊಳಗಿನವರು. ನೀನು ಹೇಳಿದ್ದೆಲ್ಲ ನಿಜ. ನಮ್ಮ ತಾಯಿಯ ಬಾಯಲ್ಲೇ ಕೇಳಿದ್ದೇನೆ. ನನ್ನನ್ನು ಎತ್ತಿದವಳು ಯಾರು ಅಂತ ಗೊತ್ತು. ಅವಳು ನಮ್ಮ ಮನೆಯಲ್ಲಿ ಒಂದು ಲೋಟ ನೀರು ಕುಡಿದದ್ದನ್ನು ನಾನು ನೋಡಲಿಲ್ಲ.

ಬೆಳಗಾವಿ ಸೊಸೆ

ನಿಮ್ಮ ಅಜ್ಜಿಯ ಹೆಸರು ಇಲ್ಲಿ ಬರೆಯದಿದ್ದರೂ ಪರವಾಗಿಲ್ಲ. ಎಲ್ಲಾದರೂ ಬರೆದಿಡಿ.

ಲೆಕ್ಕದ ಮನುಷ್ಯ

ಅಪಾರ್ಥ ಮಾಡಿಕೊಳ್ಳಬೇಡಿ, ಗೌರವದಿಂದಲೇ ಕೇಳುತ್ತಿದ್ದೇನೆ. 15,000 ಹೆರಿಗೆಯನ್ನು 70 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 200ಕ್ಕೂ ಜಾಸ್ತಿ. ಎರಡು ದಿನಕ್ಕೊಂದು ಅಂತ ಹತ್ತಿರ ಹತ್ತಿರ. ಒಬ್ಬರಿಗೆ ಇದು ಸಾಧ್ಯವಾ?

ಪಾವಗಡದ ಮಗಳು

ಕೇಳಬೇಕಾದ ಪ್ರಶ್ನೆಯೇ. ಅವರಿಗೆ ಓದು ಬರಹ ಇರಲಿಲ್ಲ, ರಿಜಿಸ್ಟರ್ ಇಟ್ಟವರಲ್ಲ. ಪ್ರಶಸ್ತಿ ಕೊಡುವಾಗ, ಸುದ್ದಿ ಬರೆಯುವಾಗ ಎಲ್ಲರೂ ಹೇಳಿದ ಸಂಖ್ಯೆ ಅದು. ಜನ ಎಣಿಸಿದ ಲೆಕ್ಕ ಅನ್ನೋಣ. ಆದರೆ ಅಲೆಮಾರಿ ಜನ ಒಂದೇ ಊರಲ್ಲಿ ಇರುವವರಲ್ಲ. ಹೋದ ಕಡೆಯೆಲ್ಲ ಕರೆ. ಒಂದೊಂದು ಮನೆಯಲ್ಲಿ ಎಂಟು, ಹತ್ತು ಹೆರಿಗೆ ಆಗುತ್ತಿದ್ದ ಕಾಲ ಅದು. ನನಗೆ ಸಂಖ್ಯೆಗಿಂತ ಜಾಸ್ತಿ ಕುತೂಹಲ ಇರುವುದು, ಅವರು ಎಷ್ಟು ಮನೆಗಳ ಒಳಗನ್ನು ನೋಡಿದ್ದರು ಅನ್ನುವುದರಲ್ಲಿ. ಯಾವ ಮನೆಯಲ್ಲಿ ಬಸುರಿಗೆ ಹೊಟ್ಟೆಗಿಲ್ಲ, ಯಾವ ಮನೆಯಲ್ಲಿ ಹೆಣ್ಣು ಹುಟ್ಟಿದರೆ ದೀಪ ಹಚ್ಚುವುದಿಲ್ಲ, ಎಲ್ಲ ಸೂಲಗಿತ್ತಿಗೆ ಗೊತ್ತು. ಗೊತ್ತಿದ್ದೂ ಊರಲ್ಲಿ ಬಾಯಿ ಬಿಡುತ್ತಿರಲಿಲ್ಲ ಇಂಥ ಹೆಂಗಸರು. ಅದಕ್ಕೇ ಮುಂದಿನ ಸಲವೂ ಅವರನ್ನೇ ಕರೆಯುತ್ತಿದ್ದರು.

ಇನ್ನೊಂದು ಹೇಳುವುದು ಮರೆತೆ. ಅವರು ಕಲಿತದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಮಗಳಿಗೆ ಕಲಿಸಿದರು, ಬೇರೆ ಹೆಂಗಸರಿಗೂ ಕಲಿಸಿದರು.

ಅಂಕೋಲೆಯವ

ಇದು ಸೂಲಗಿತ್ತಿಯರ ವಿಷಯ ಅಂತ ಗೊತ್ತು. ಆದರೂ ನಮ್ಮ ಬಡಗೇರಿಯ ಸುಕ್ರಜ್ಜಿಯ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಸುಕ್ರಿ ಬೊಮ್ಮಗೌಡ. ಹಾಲಕ್ಕಿ ಒಕ್ಕಲಿಗರ ಹಾಡು ಅಂದರೆ ಅವರು. 2017ರಲ್ಲಿ ಪದ್ಮಶ್ರೀ. 2025ರ ಫೆಬ್ರವರಿಯಲ್ಲಿ ಹೋದರು.

ಹಾಲಕ್ಕಿಯವರಲ್ಲಿ ಹುಟ್ಟಿಗೆ ಹಾಡು, ಮದುವೆಗೆ ಹಾಡು, ಗದ್ದೆ ನಾಟಿಗೆ ಹಾಡು, ಸುಗ್ಗಿಗೆ ಹಾಡು. ಅದೆಲ್ಲ ಪುಸ್ತಕದಲ್ಲಿ ಇಲ್ಲ, ಬಾಯಲ್ಲಿ ಇದೆ. ಸುಕ್ರಜ್ಜಿಗೂ ಅಕ್ಷರ ಬರುತ್ತಿರಲಿಲ್ಲ. ಕಲಿತದ್ದು ತಾಯಿಯಿಂದ. ಅವರು ಹಾಡಿಗಷ್ಟೇ ನಿಲ್ಲಲಿಲ್ಲ. ಸಾರಾಯಿಯಿಂದ ಮನೆಗಳು ಹಾಳಾಗುವುದನ್ನು ತಮ್ಮ ಮನೆಯಲ್ಲೇ ನೋಡಿದವರು. ಹೆಂಗಸರನ್ನು ಕಟ್ಟಿಕೊಂಡು ಊರಿನಲ್ಲಿ ಸಾರಾಯಿ ವಿರುದ್ಧ ನಿಂತರು. ಹಾಡುವ ಅಜ್ಜಿ ಅಂತ ಮೆಚ್ಚುವವರು ಇದನ್ನು ಮರೆಯುತ್ತಾರೆ. ಕುಡಿದು ಬಂದ ಗಂಡಸಿನ ಎದುರು ನಿಂತು ಮಾತಾಡುವುದು ವೇದಿಕೆ ಮೇಲೆ ಹಾಡುವಷ್ಟು ಸುಲಭ ಅಲ್ಲ ಮಾರಾಯರೆ.

ಪಾವಗಡದ ಮಗಳು

ಅಣ್ಣಾ, ಇದು ಈ ಚರ್ಚೆಗೇ ಸೇರಿದ್ದು. ನರಸಮ್ಮ, ಸುಕ್ರಜ್ಜಿ ಇಬ್ಬರಿಗೂ ಕಲಿಸಿದವರು ಮನೆಯ ಹೆಂಗಸರೇ ಅಲ್ವಾ. ಒಬ್ಬರಿಗೆ ಅಜ್ಜಿ, ಒಬ್ಬರಿಗೆ ತಾಯಿ. ಆ ಮರಿಗೆಮ್ಮನ ಹೆಸರು ಉಳಿದದ್ದು ಮೊಮ್ಮಗಳಿಗೆ ಪ್ರಶಸ್ತಿ ಬಂದದ್ದರಿಂದ. ಹಾಗೆ ಹೆಸರು ಉಳಿಯದ ಎಷ್ಟು ಮರಿಗೆಮ್ಮಂದಿರು ಇದ್ದಾರೋ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿ ಡೂಲಾ ಅಂತ ಇರುತ್ತಾರೆ. ಹೆರಿಗೆ ಮಾಡಿಸುವುದಿಲ್ಲ, ನೋವಿನ ಹೊತ್ತಲ್ಲಿ ಜೊತೆಗಿರುತ್ತಾರೆ. ಬೆನ್ನು ಒತ್ತುತ್ತಾರೆ, ಉಸಿರು ಹೇಗೆ ಬಿಡಬೇಕು ಅಂತ ಹೇಳುತ್ತಾರೆ. ಸಾವಿರಾರು ಡಾಲರ್ ಆಗುತ್ತದೆ. ನನಗೂ ಒಬ್ಬರಿದ್ದರು, ಒಳ್ಳೆಯವರು. ಅಮ್ಮ ಬಾಣಂತನಕ್ಕೆ ಬಂದಾಗ ಸೂಟ್‌ಕೇಸ್ ತುಂಬ ಬಜೆ, ಒಣಶುಂಠಿ, ಓಮ, ಅಂಟಿನುಂಡೆ, ಸೊಂಟಕ್ಕೆ ಸುತ್ತಲು ಹಳೆ ಹತ್ತಿ ಸೀರೆ. ಸಾಮ್ರಾಣಿ ಹೊಗೆ ಹಾಕಿದರೆ ಅಲಾರ್ಮ್ ಹೊಡೆದುಕೊಳ್ಳುತ್ತದೆ, ಅದೊಂದು ಬೇಡ ಅಂದೆ. ಕೂಸನ್ನು ಚಾಚಿದ ಕಾಲ ಮೇಲೆ ಹಾಕಿಕೊಂಡು ಎರೆಯುವುದನ್ನು ಅಮ್ಮ ಕಲಿತದ್ದು ಊರಿನ ಸೂಲಗಿತ್ತಿ ಎರೆಯುವಾಗ ಪಕ್ಕದಲ್ಲಿ ನೀರು ಹಾಕುತ್ತಾ. ಆ ಹೆಂಗಸಿನ ಹೆಸರು ಕೇಳಿದೆ. ಅಮ್ಮನಿಗೆ ಗೊತ್ತಿರಲಿಲ್ಲ. "ಎಲ್ಲರೂ ಸೂಲಗಿತ್ತಮ್ಮ ಅಂತಲೇ ಕರೀತಿದ್ವಿ" ಅಂದರು. ಕೊರಟಗೆರೆಯವರು ಬರೆದದ್ದು ಓದಿದ ಮೇಲೆ ಅದು ಇನ್ನೂ ಜಾಸ್ತಿ ಚುಚ್ಚುತ್ತಿದೆ.

ಪಾವಗಡದ ಮಗಳು

ಇಷ್ಟೆಲ್ಲ ಬಂದ ಮೇಲೆ ನನಗೊಂದು ಆಸೆ. ಈ ಡಿಸೆಂಬರಿನಲ್ಲಿ ಬರೀ ಹಾರ ಹಾಕಿ, ಭಾಷಣ ಮಾಡಿ ಮುಗಿಸುವುದು ಬೇಡ. ಅವರವರ ಊರಿನಲ್ಲಿ ಬದುಕಿರುವ ಸೂಲಗಿತ್ತಿಯರನ್ನು, ಅವರು ಇಲ್ಲದಿದ್ದರೆ ಅವರ ಕೈಯಲ್ಲಿ ಹೆತ್ತವರನ್ನು ಮಾತಾಡಿಸೋಣ. ಹೆಸರು, ಊರು, ಯಾರಿಂದ ಕಲಿತರು ಅನ್ನುವುದು ಮೊದಲು. ಮೊದಲ ಹೆರಿಗೆ ಯಾರದು. ಹೊಕ್ಕುಳಬಳ್ಳಿ ಯಾವುದರಿಂದ ಕೊಯ್ಯುತ್ತಿದ್ದರು, ಯಾವುದರಿಂದ ಕಟ್ಟುತ್ತಿದ್ದರು. ಮಾಸು ಬೀಳದೆ ಹೋದರೆ ಏನು ಮಾಡುತ್ತಿದ್ದರು. ಯಾವಾಗ "ಇದು ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಕರ್ಕೊಂಡ್ ಹೋಗಿ" ಅನ್ನುತ್ತಿದ್ದರು. ಏನು ಕೊಟ್ಟರು, ಎಲ್ಲಿ ಕೂರಿಸಿ ಕೊಟ್ಟರು. ಯಾವ ದೇವರಿಗೆ ಹರಕೆ ಹೊತ್ತು ಹೊರಡುತ್ತಿದ್ದರು. ಸತ್ತು ಹುಟ್ಟಿದ ಕೂಸುಗಳ ಬಗ್ಗೆ ಅವರಾಗಿ ಹೇಳಿದರೆ ಕೇಳಿಸಿಕೊಳ್ಳೋಣ. ನಾವಾಗಿ ಕೆದಕುವುದು ಬೇಡ.

ದಾವಣಗೆರೆ ಸಿಸ್ಟರ್

ಮದ್ದಿನ ಬಗ್ಗೆ ಹೇಳಿದರೆ ಬರೆದುಕೊಳ್ಳಿ, ಆದರೆ ಯಾವ ಬೇರು, ಎಷ್ಟು ಅಂತ ಇಲ್ಲಿ ಹಾಕಬೇಡಿ. ಯಾರೋ ಬಸುರಿ ಓದಿ ಕುಡಿದರೆ ಅಪಾಯ. ಗಿಡದ ಹೆಸರು, ಫೋಟೋ ಇಟ್ಟುಕೊಂಡಿರಿ. ಆಯುರ್ವೇದ ಓದಿದವರು, ಸಸ್ಯಶಾಸ್ತ್ರ ಗೊತ್ತಿರುವವರು ಆಮೇಲೆ ನೋಡಲಿ.

ಕೊರಟಗೆರೆ ಹುಡುಗ

ನಮ್ಮ ಅಜ್ಜಿ ಇಲ್ಲ. ಅವಳ ಜೊತೆ ಹೋಗುತ್ತಿದ್ದ ಸೋದರತ್ತೆ ಇದ್ದಾರೆ. ಕೇಳುತ್ತೇನೆ. ದೊಡ್ಡ ಮನೆಗಳ ಹೆಸರು ಹೇಳಿದರೆ ಬರೆಯಬೇಕಾ, ಬಿಡಬೇಕಾ ಅಂತ ಅವರನ್ನೇ ಕೇಳಿ ಮಾಡುತ್ತೇನೆ. ಅವರು ಇನ್ನೂ ಅದೇ ಊರಲ್ಲಿ ಬಾಳಬೇಕು.

ವೈ.ಎನ್. ಹೊಸಕೋಟೆ ಸೊಸೆ

ನಾನು ಓದುತ್ತಲೇ ಇದ್ದೆ, ಬರೆದಿರಲಿಲ್ಲ. ನಮ್ಮದು ಮಗ್ಗದ ಮನೆ. ನಮ್ಮತ್ತೆಗೆ ಈಗ 84. ಆರು ಮಕ್ಕಳನ್ನೂ ಮಗ್ಗದ ಗುಂಡಿ ಪಕ್ಕದ ಕೋಣೆಯಲ್ಲೇ ಹೆತ್ತವರು. ನೋವು ಬರುವವರೆಗೂ ನೂಲು ಸುತ್ತುತ್ತಿದ್ದರಂತೆ. ಸೂಲಗಿತ್ತಮ್ಮನ ಹೆಸರು ಅವರಿಗೆ ಚೆನ್ನಾಗಿ ನೆನಪಿದೆ, ಅವಳ ಮೊಮ್ಮಕ್ಕಳು ಎಲ್ಲಿದ್ದಾರೆ ಅಂತಲೂ ಗೊತ್ತು.

ಅತ್ತೆಯನ್ನು ಕನ್ನಡದಲ್ಲಿ ಕೇಳಿದಾಗ "ಏನಿದೆ ಹೇಳೋಕೆ, ಎಲ್ಲರ ಹಾಗೆ" ಅಂತ ಮುಗಿಸಿಬಿಟ್ಟರು. ತೆಲುಗಿನಲ್ಲಿ ಕೇಳಿದೆ, ಒಂದು ಗಂಟೆ ಮಾತಾಡಿದರು. ಪಾವಗಡ ಕಡೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ತುಂಬ ಮನೆಗಳ ಮಾತು ತೆಲುಗು. ಅವರು ಹೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳಿ, ಆಮೇಲೆ ಕನ್ನಡ ಮಾಡೋಣ. ಮಧ್ಯಾಹ್ನ ಊಟ ಆದ ಮೇಲೆ ಹೋಗಿ. ಗಂಡಸರು ಎದುರಿಗಿದ್ದರೆ ಬಾಯಿ ಬಿಡುವುದಿಲ್ಲ. ಹೆಂಗಸರೇ ಹೋದರೆ ಒಳ್ಳೆಯದು. ನಮ್ಮ ಮನೆಗೆ ಬರುವವರಿದ್ದರೆ ಹೇಳಿ, ಸೂಲಗಿತ್ತಮ್ಮನ ಮೊಮ್ಮಗಳನ್ನೂ ಕರೆಸಿರುತ್ತೇನೆ.

ಪಾವಗಡದ ಮಗಳು

ನಾನು ಬರುತ್ತೇನೆ ಅಕ್ಕ. ನನ್ನ ಜೊತೆ ಇನ್ನೊಬ್ಬರು ಬರಬಹುದಾ? ಅವರಿಗೆ ತೆಲುಗು ಬರೆಯಲೂ ಬರುತ್ತದೆ.

ವೈ.ಎನ್. ಹೊಸಕೋಟೆ ಸೊಸೆ

ಬನ್ನಿ, ಊಟ ನಮ್ಮಲ್ಲೇ. ಅತ್ತೆ ಈಗಲೇ ಕೇಳಿದರು, ಬರುವವಳು ಯಾರ ಮನೆ ಮಗಳು, ಅವಳನ್ನು ಎತ್ತಿದ ಸೂಲಗಿತ್ತಿ ಯಾರು ಅಂತ.